ಇದ್ದಿಲ ಪೆಟ್ಟಿಗೆ

ವಾದಿಯ ನೀರು ಇಳಿದ ಮೂರನೆಯ ದಿನ
ಸುವೈಕ್ ಪೇಟೆಗೆ ಪೇಟೆಯೇ ಒಂದೇ ಬಣ್ಣ, ಕೆಸರಿನದು.
ನನ್ನ ಲಾಂಡ್ರಿಯ ಗೋಡೆಗೆ ಎದೆಮಟ್ಟ ಒಂದು ಗೆರೆ.
ಅದರ ಕೆಳಗಿದ್ದದ್ದು ಹೋಯಿತು,
ಮೆಶಿನ್ನು, ಸೋಪಿನ ಪೀಪಾಯಿ, ಲೆಕ್ಕದ ಪುಸ್ತಕ.
ಮೇಲಿದ್ದದ್ದು ಉಳಿಯಿತು:
ಹ್ಯಾಂಗರಿನಲ್ಲಿ ಹನ್ನೊಂದು ದಿಶ್‌ದಾಶ,
ಶೋಕೇಸಿನ ನೆತ್ತಿಯಲ್ಲಿ ಚಂದಕ್ಕೆ ಕೂರಿಸಿದ್ದ
ಅಜ್ಜನ ಹಿತ್ತಾಳೆ ಇಸ್ತ್ರಿಪೆಟ್ಟಿಗೆ.

ಏಳು ಕಿಲೋ. ವಿಮಾನಕ್ಕೆ ಹತ್ತುವಾಗ
ಅದೊಂದಕ್ಕೇ ದಂಡ ಕಟ್ಟಿದ್ದೆ.
"ಬಂಗಾರ ತರುವ ಊರಿಗೆ
ಹಿತ್ತಾಳೆ ಹೊತ್ತೆಯಲ್ಲೋ ವಾಮನ"
ಎಂದು ಕಾರ್ಕಳವೇ ನಕ್ಕಿತ್ತು.

ಮೊದಲು ಬಂದವನು ಮೊಫಿಜುಲ್, ಖರ್ಜೂರದ ತೋಟದವನು.
ಬನಿಯನ್ನಿನೊಳಗಿಂದ ಪ್ಲಾಸ್ಟಿಕ್ ಚೀಲ,
ಚೀಲದೊಳಗಿಂದ ಪಾಸ್‌ಪೋರ್ಟು,
ಪಾಸ್‌ಪೋರ್ಟಿನೊಳಗಿಂದ ವಾದಿ.
"ಭಾಯಿ, ಮೊದಲು ಇದು ಒಣಗಲಿ,
ನಾನು ಆಮೇಲೆ ಒಣಗುತ್ತೇನೆ."

ಕರೆಂಟೆಲ್ಲಿ?
ಮಿಶ್ಕಾಕ್ ಸುಡುವ ಖಲ್ಫಾನ್
ನೆನೆಯದೆ ಉಳಿದ ಒಂದೇ ಮೂಟೆ ಇದ್ದಿಲನ್ನು
ಹೆಗಲಲ್ಲಿ ತಂದು ದೊಪ್ಪೆಂದು ಇಳಿಸಿದ.
"ಮಾಂಸವಿಲ್ಲ, ಗಿರಾಕಿಯಿಲ್ಲ.
ಕೆಂಡಕ್ಕಾದರೂ ಕೆಲಸ ಕೊಡು."

ಅಜ್ಜ ಹೇಳುತ್ತಿದ್ದ: ಪೆಟ್ಟಿಗೆಗೆ ಒಂದು ಹನಿ ನೀರು ತೋರಿಸು,
ಎಷ್ಟು ಕೋಪದಲ್ಲಿದೆ ಎಂದು ಅದೇ ಹೇಳುತ್ತದೆ.
ಕಾಗದಕ್ಕೆ ಕೋಪ ಆಗದು. ರೇಷ್ಮೆಯ ಸೆಖೆ ಸಾಕು.
ಮೇಲೊಂದು ಬಟ್ಟೆ, ಕೆಳಗೊಂದು, ನಡುವೆ ಒಂದೇ ಪುಟ.
ವೀಸಾದ ನೇರಳೆ ಮುದ್ರೆ ಬಟ್ಟೆಗಿಳಿದು
ಅವನ ಊರಿನ ಹೆಸರು
ನನ್ನ ದುಪ್ಪಟಿಯ ಮೇಲೆ ತಿರುಗುಮುರುಗು ಬಿತ್ತು.
ಪುಟದಲ್ಲೂ ಉಳಿದಿತ್ತು, ಮಸುಕಾಗಿ. ಮೊಫಿಜುಲ್ ಉಸಿರು ಬಿಟ್ಟ.

ಸುದ್ದಿಗೆ ಕಾಲಿದೆ. ಮಧ್ಯಾಹ್ನಕ್ಕೆ ಸಾಲು:
ದೋಣಿಯ ಲೈಸೆನ್ಸು, ಜಮೀನಿನ ಪತ್ರ,
ಒಬ್ಬಳು ಹುಡುಗಿಯ ಗಣಿತದ ನೋಟುಬುಕ್ಕು
(ತಪ್ಪಿದ ಲೆಕ್ಕಗಳೂ ಒಣಗಬೇಕೇ ಎಂದೆ,
ಹೌದು ಎಂದಳು, ಗಂಭೀರವಾಗಿ).
ನಿಜ್ವಾದಿಂದ ಪಿಕಪ್ಪುಗಳಲ್ಲಿ ಹುಡುಗರು ಬಂದರು,
ರೊಟ್ಟಿ, ನೀರು, ಗುದ್ದಲಿ ತಂದರು.
"ನಿಮಗೇನು ಬೇಕು?" "ಬಟ್ಟೆ."
ಪೊಟ್ಟಣ ಒಡೆಯದ ಹೊಸ ಟವೆಲು ಕೊಡಹೊರಟರು.
"ಅದಲ್ಲ ಮಾರಾಯ, ಹಳೆಯದು. ಸವೆದದ್ದು.
ಹೊಸ ಬಟ್ಟೆಗೆ ನೀರು ಕುಡಿಯಲು ಬರುವುದಿಲ್ಲ."

ಸಂಜೆ, ಸಾಲಿನ ಕೊನೆಯಲ್ಲಿ
ಮುದುಕಿ ಝುವೈನಾ. ಸರದಿ ತಪ್ಪಿಸಲಿಲ್ಲ.
ತನ್ನ ಪಾಳಿ ಬಂದಾಗ
ಮೇಜಿನ ಮೇಲಿಟ್ಟಳು ಒಂದು ಆಡಿನ ಮರಿ,
ತಾರಸಿಯ ಮೇಲೆ ಆ ರಾತ್ರಿ ಹುಟ್ಟಿದ್ದು,
ಕೂಗು ಮರೆತದ್ದು.
"ಅಮ್ಮಾ, ಇದು ಇಸ್ತ್ರಿ ಅಂಗಡಿ."
"ಗೊತ್ತು. ಇದೂ ಒದ್ದೆ."

ತಾಯಾಡು ಎಲ್ಲಿ ಎಂದು ನಾನು ಕೇಳಲಿಲ್ಲ.
ಅವಳು ಒಮ್ಮೆ ಕಡಲಿನ ಕಡೆ ನೋಡಿದಳು, ಅಷ್ಟೆ.

ಹಳೆಯ ಬಟ್ಟೆಯೆಲ್ಲ ನೀರು ಕುಡಿದು ಮುಗಿದಿತ್ತು.
ಹ್ಯಾಂಗರಿನತ್ತ ನೋಡಿದೆ. ಚೀಟಿ ಅಂಟಿಸಿದ ಬೇರೆಯವರ ಬಟ್ಟೆ.
ಇಪ್ಪತ್ತೆರಡು ವರ್ಷದಲ್ಲಿ ಒಂದನ್ನೂ ಮೈಗೆ ತಾಕಿಸಿಕೊಂಡವನಲ್ಲ.
ಇಳಿಸಿದೆ. ಬಿಸಿ ಮಾಡಿದೆ. ನನ್ನ ಕೆನ್ನೆಗೆ ಒತ್ತಿ ನೋಡಿ
ಮರಿಗೆ ಸುತ್ತಿದೆ. ಆರಿದೊಡನೆ ಇನ್ನೊಂದು.
ಖಲ್ಫಾನ್ ಗಾಳಿ ಬೀಸಿದ, ಮೊಫಿಜುಲ್ ಕಾಲು ತಿಕ್ಕಿದ,
ಯಾರೋ ನೆರೆಯ ಆಡಿನ ಹಾಲು ತಂದರು.
"ಈಗಲೇ ಬೇಡ" ಎಂದಳು ಝುವೈನಾ,
"ತಣ್ಣಗಿನ ಹೊಟ್ಟೆಗೆ ಹಾಲು ಕಲ್ಲು.
ಬಾಯಿ ಬಿಸಿಯಾಗಲಿ."
ಬೆರಳು ಅದರ ಬಾಯಿಗಿಟ್ಟು ಕೂತಳು,
ಇಶಾ ನಮಾಜಿನ ಕರೆ ಆಗಿ ಹೋಗುವವರೆಗೂ ಕೂತಳು.

ಏಳನೆಯ ದಿಶ್‌ದಾಶದಲ್ಲಿ
ಮರಿ ಬೆರಳು ಚೀಪಿತು.
ಎಂಟನೆಯದರಲ್ಲಿ ಎದ್ದು ನಿಂತು, ನಾಲ್ಕೂ ಕಾಲು ನಡುಗಿಸಿ,
ಧಾರಾಳವಾಗಿ ಉಚ್ಚೆ ಹೊಯ್ದಿತು.

ಮರುದಿನ ಚೀಟಿ ಹಿಡಿದು ಒಬ್ಬ ಮುದುಕ ಬಂದ.
ಎಂಟನೆಯದೇ ಅವನದು. ಎತ್ತಿ ಮೂಸಿದ.
"ಆಡು" ಎಂದ.
"ಹೌದು" ಎಂದೆ.
ಮತ್ತೇನೂ ಕೇಳದೆ ಇನ್ನೂರು ಬೈಸ ಎಣಿಸಿಟ್ಟು
ಅದನ್ನೇ ತೊಟ್ಟು, ತೋಳು ಮಡಚಿ,
ಬಾಗಿಲ ಬಳಿಯ ಗುದ್ದಲಿ ಎತ್ತಿಕೊಂಡು
ಪಕ್ಕದ ಮನೆಯ ಕೆಸರಿಗೆ ಇಳಿದ.